ಮುಂಬಯಿ ಫ್ಯಾಷನ್ನಿಗೆ ಮೊರಬದ ಮಣ್ಣು

ಮೊರಬದಿಂದ ಹುಬ್ಬಳ್ಳಿಗೆ ಹೋಗಿಬರುವುದೂ ಒಂದು ಕೆಲಸವೇ? ಹದಿನಾರು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವನು ನಾನು. ಕೋಲು ಹಿಡಿದು ನಕಾಶೆಯ ಮೇಲೆ ಮಕ್ಕಳನ್ನು ಅಟ್ಲಾಂಟಿಕ್ ಸಾಗರ ದಾಟಿಸಿದವನು. ನನಗೆ ದಾರಿಯ ಚಿಂತೆಯೇ ಇರಲಿಲ್ಲ!

ನನ್ನ ಹೆಂಡತಿ ಗಿರಿಜಾ ಮನೆಯಲ್ಲಿ ಮಷಿನ್ ಇಟ್ಟುಕೊಂಡು ಊರ ಹೆಣ್ಣುಮಕ್ಕಳಿಗೆ ಜಂಪರ್, ಅಂದರೆ ರವಿಕೆ, ಹೊಲಿಯುತ್ತಾಳೆ. ಆಗ ಹೆಡ್‌ಮಾಸ್ತರರ ಮಗಳ ಮದುವೆಯ ಜಂಪರ್ ಅವಳ ಜೀವ ತಿನ್ನುತ್ತಿತ್ತು. ಹುಡುಗಿಗೆ ನೆರಿಗೆ ಹಿಡಿದ ಉಬ್ಬುತೋಳೇ ಬೇಕು. ಗಿರಿಜಾ ಮೂರು ಸಲ ಹೊಲಿದು ಮೂರು ಸಲವೂ ಬಿಚ್ಚಿದ್ದಳು. ಅಷ್ಟರಲ್ಲಿ ಮುಂಬಯಿಯ ಡಿಸೈನರ್ ಒಬ್ಬಾಕೆಯ ಉಡುಪಿನ ಪ್ರದರ್ಶನ ಹುಬ್ಬಳ್ಳಿಯ ಹೋಟೆಲೊಂದರಲ್ಲಿ ನಡೆದಿದೆ, ಭಾನುವಾರವೇ ಕಡೆಯ ದಿನ ಎಂದು ಪೇಪರಿನಲ್ಲಿ ಬಂತು.

"ಒಂದ ಸಲ ಕಣ್ಣಿಲೇ ನೋಡಿದ್ರ ಸಾಕ್ರಿ. ತೋಳು ಹೆಂಗ ಕೂಡಸ್ತಾರ ತಿಳೀತೈತಿ," ಅಂದಳು.

"ಹತ್ತಕ್ಕ ಅಲ್ಲಿರ್ತೀವಿ, ನಾಲ್ಕಕ್ಕ ಮನ್ಯಾಗ ಚಾ ಕುಡೀತೀವಿ," ಎಂದು ಅಭಯ ಕೊಟ್ಟೆ.

ಭಾನುವಾರ ಬೆಳಿಗ್ಗೆ ಏಳೂವರೆಯ ಬಸ್ಸು ಎಂಟಾದರೂ ಬರಲಿಲ್ಲ.

"ಹೊಲದಾಗ ಹಾದ್ರ ದೊಡ್ಡ ರಸ್ತಾ ಹತ್ತೇ ನಿಮಿಷ. ನಡಿ ಹೋಗೂಣು," ಎಂದೆ.

"ನಿನ್ನಿ ಮಳಿ ಆಗೇತ್ರಿ. ಇಲ್ಲೇ ನಿಂದ್ರೂಣು."

"ಭೂಗೋಳ ಯಾರ ಕಲಸ್ತಾರ, ನೀನೋ ನಾನೋ?"

ನಮ್ಮ ಕರಿ ಎರಿಮಣ್ಣು ಒಮ್ಮೆ ಕಾಲು ಹಿಡಿದರೆ ಸಿಟ್ಟಿಗೆದ್ದ ಬೀಗರ ಹಾಗೆ, ಬಿಡುವ ಮಾತೇ ಇಲ್ಲ. ಹೆಜ್ಜೆಗೊಮ್ಮೆ ಚಪ್ಪಲಿ ಭಾರವಾಯಿತು. ಸಫಾರಿ ಸೂಟಿನ ಪ್ಯಾಂಟನ್ನು ಮೊಣಕಾಲ ತನಕ ಮಡಚಿಕೊಂಡೆ. ಹೊಲದ ನಟ್ಟನಡುವೆ ನಿಂತಾಗ ಹಿಂದೆ ಹಾರ್ನ್ ಕೇಳಿಸಿತು. ನಮ್ಮ ಬಸ್ಸು! ಪರಿಚಯದ ಕಂಡಕ್ಟರ್ ಕಿಟಕಿಯಿಂದ ಕೈ ಬೀಸಿದ. ನಾನೂ ಬೀಸಿದೆ. ಸೌಜನ್ಯ ಬಿಡಲಾಗುತ್ತದೆಯೇ?

ಗಿರಿಜಾ ಸೀರೆ ಎತ್ತಿ ಹಿಡಿದು ನನ್ನನ್ನು ದಾಟಿ ಮುಂದೆ ನಡೆದಳು. ಎರಡು ಬೈದಿದ್ದರೇ ಚೆನ್ನಾಗಿತ್ತು.

ದೊಡ್ಡ ರಸ್ತೆ ಮುಟ್ಟಿದ ಮೇಲೆ ಮುಂದಿನ ಎರಡು ಬಸ್ಸು ತುಂಬಿ ಬಂದವು, ನಿಲ್ಲದೆ ಹೋದವು. ಕೊನೆಗೆ ಒಂದು ಟ್ರ್ಯಾಕ್ಟರಿನವನು ಕನಿಕರಿಸಿ ಉಳ್ಳಾಗಡ್ಡಿ ಚೀಲಗಳ ಮೇಲೆ ಹತ್ತಿಸಿಕೊಂಡ. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಎರಡಾಗಿತ್ತು. ಬೆನ್ನು ಮುರಿದಿತ್ತು, ಹೊಟ್ಟೆ ಬರಿದಾಗಿತ್ತು, ಇಬ್ಬರ ಮೈಯೂ ಉಳ್ಳಾಗಡ್ಡಿ ನಾರುತ್ತಿತ್ತು. ಹೋಟೆಲಿನ ಎದುರಿನ ನಳದಲ್ಲಿ ಗಿರಿಜಾ ಕೈಕಾಲು ತೊಳೆದು, ಸೀರೆ ಝಾಡಿಸಿಕೊಂಡಳು.

"ನೀವೂ ಕಾಲು ತೊಳಕೋರಿ."

"ಅಲ್ಲಿ ಮಂದಿ ಅರಿವಿ ನೋಡಾಕ ಬಂದಾರ. ನನ್ನ ಕಾಲು ಯಾರು ನೋಡ್ತಾರ?"

ಬಗ್ಗಲು ತ್ರಾಣ ಇರಲಿಲ್ಲ, ಅದು ನಿಜವಾದ ಕಾರಣ.

ಒಳಗೆ ನೆಲಕ್ಕೆಲ್ಲ ಹಾಲಿನಂಥ ಬಿಳಿ ಬಟ್ಟೆ ಹಾಸಿದ್ದರು. ಉಳಿದವರು ಬೂಟು ಹಾಕಿಕೊಂಡೇ ನಡೆದಿದ್ದರು. ಸಭ್ಯನಾದ ನಾನು ಚಪ್ಪಲಿ ಹೊರಗೆ ಬಿಟ್ಟೆ. ಆದರೆ ಚಪ್ಪಲಿಗಿಂತ ಹೆಚ್ಚಿನ ಮಣ್ಣು ಕಾಲಲ್ಲೇ ಇತ್ತು! ಹತ್ತು ಹೆಜ್ಜೆ ನಡೆದು ತಿರುಗಿ ನೋಡಿದರೆ ನನ್ನ ಹಿಂದೆ ಹತ್ತು ಕರಿ ಪಾದ. ಅಳಿಸೋಣವೆಂದು ಹಿಂದಕ್ಕೆ ಹೋದೆ. ಇಪ್ಪತ್ತಾದವು.

ಇನ್ನು ನಡೆಯುವುದೇ ಅಪಾಯ ಎಂದು ಮೂಲೆಯ ಕಟ್ಟೆಯ ಮೇಲಿದ್ದ ಮಖಮಲ್ಲಿನ ಕುರ್ಚಿಯಲ್ಲಿ ಕೂತೆ. ಅಕ್ಕಪಕ್ಕ ರೇಶ್ಮೆ ತೊಟ್ಟ ಗೊಂಬೆಗಳು. ಮೇಲೆ ಫ್ಯಾನು. ಐದು ನಿಮಿಷ ಕಣ್ಣು ಮುಚ್ಚೋಣ ಅಂದುಕೊಂಡೆ.

ಎಚ್ಚರಾದಾಗ ಎದುರಿಗೆ ಏಳೆಂಟು ಜನ ಗಂಭೀರವಾಗಿ ನನ್ನನ್ನೇ ನೋಡುತ್ತಿದ್ದರು. ನನ್ನ ಪ್ಯಾಂಟಿನ ಒಂದು ಕಾಲು ಮೊಣಕಾಲಿಗೆ, ಇನ್ನೊಂದು ಹಿಮ್ಮಡಿಗೆ. ಚಸ್ಮಾದ ಕಾಲೇಜು ಹುಡುಗಿಯೊಬ್ಬಳು ವಹಿಯಲ್ಲಿ ಚಿತ್ರ ಬರೆಯುತ್ತಿದ್ದಳು.

"ಕಾಕಾ, ಇನ್ನೊಂದ ನಿಮಿಷ ಅಳ್ಳಾಡಬ್ಯಾಡ್ರಿ!"

ಗಿರಿಜಾ ಎಲ್ಲಿ? ಆ ತುದಿಯಲ್ಲಿ, ಕೆಂಪು ಜಂಪರಿನ ಗೊಂಬೆಯ ಹತ್ತಿರ! ಕೈಯಲ್ಲಿ ಕತ್ತರಿ, ಬಾಯಲ್ಲಿ ಟಾಚಣಿ, ಅಂದರೆ ಗುಂಡುಪಿನ್ನು. ಆ ಜಂಪರಿಗೆ ಎಡಗೈ ತೋಳನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂಡಿಸಿದ್ದರಂತೆ. ಅಷ್ಟು ಜನ ನೋಡಿ ಹೋದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇವಳ ಕಣ್ಣಿಗೆ ಬಿತ್ತು. ಮುಂಬಯಿಯ ಡಿಸೈನರಮ್ಮ ತಾನೇ ದೀಪ ಎತ್ತಿ ಹಿಡಿದು ನಿಂತಿದ್ದಳು, ನನ್ನ ಹೆಂಡತಿ ತೋಳು ಬಿಚ್ಚಿ ಕೂಡಿಸುತ್ತಿದ್ದಳು. ನೆರಿಗೆಯ ಗುಟ್ಟೂ ಆಗಲೇ ಕೈವಶವಾಗಿತ್ತು.

ಹೆಮ್ಮೆಯಿಂದ ಎದ್ದು ಅತ್ತ ನಡೆದೆ. ಮತ್ತೆ ಹದಿನೈದು ಪಾದ.

ಡಿಸೈನರಮ್ಮ ನೆಲ ನೋಡಿದಳು, ನನ್ನನ್ನು ನೋಡಿದಳು, ಹಿಂದಿಯಲ್ಲಿ ಗಿರಿಜಾಳನ್ನು ಕೇಳಿದಳು: "ಇವರು ನಿಮ್ಮವರಾ?"

ಗಿರಿಜಾ ಟಾಚಣಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು, ಶಾಂತವಾಗಿ ಹೇಳಿದಳು: "ಅಲ್ರಿ. ಯಾರೋ ಏನೋ."

ಕಾವಲುಗಾರ ರಟ್ಟೆ ಹಿಡಿದು ನನ್ನನ್ನು ಬಾಗಿಲ ತನಕ ಗೌರವದಿಂದ ಮುಟ್ಟಿಸಿದ. ಮೆಟ್ಟಿಲ ಮೇಲೆ ಒಂದೂವರೆ ತಾಸು ಕೂತೆ.

ಸಂಜೆಯ ಬಸ್ಸಿನಲ್ಲಿ ಅವಳು ನೆರಿಗೆಯ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಅಣ್ಣಿಗೇರಿಯ ಕಡೆ ಬಸ್ಸು ತಿರುಗುವುದೋ ನವಲಗುಂದದ ಕಡೆಯೋ, ದಾರಿ ನೋಡುವ ಉತ್ಸಾಹವೂ ಈ ಭೂಗೋಳದ ಮಾಸ್ತರನಿಗೆ ಇರಲಿಲ್ಲ. ಕಡೆಗೆ ತಡೆಯಲಾರದೆ ಕೇಳಿದೆ:

"ಅಲ್ಲಬೇ, ಖರೇನ ನನ್ನ ಗುರುತು ಹತ್ತಲಿಲ್ಲೇನು?"

"ಹತ್ತಿತ್ರಿ," ಎಂದಳು ಗಿರಿಜಾ. "ಅದಕ್ಕ ಹಂಗಂದೆ."