ಹಳಿಯಾಳ ತಾಲೂಕು ಕೊಂಡ ನಮ್ಮ ಅತ್ತೆ

ನಮ್ಮ ಅತ್ತೆಯವರು ಇಡೀ ಹಳಿಯಾಳ ತಾಲೂಕನ್ನು ಮೂರು ಸಲ ಕೊಂಡು ಎರಡು ಸಲ ಮಾರಿದವರು ಅಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಮದುವೆಯಾಗಿ ಬಂದ ಹೊಸತರಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಆಮೇಲೆ ಕಣ್ಣಾರೆ ಕಂಡೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಚಹಾ ಆಗುವಷ್ಟರಲ್ಲಿ ಮುಂಡಗೋಡದ ಪೇಟೆ ಅವರ ಕೈಸೇರಿರುತ್ತಿತ್ತು, ಜೋಯಿಡಾದ ಅರ್ಧ ಬಂದಿರುತ್ತಿತ್ತು, ಗಣೇಶಗುಡಿಯನ್ನು ಪಕ್ಕದ ಮನೆಯವರಿಂದ ಕಸಿಯುವ ಮಾತುಕತೆ ನಡೆದಿರುತ್ತಿತ್ತು. ಚಹಾಕ್ಕೆ ಹಾಲಿಲ್ಲ ಅಂತ ನಾನು ಹೇಳಿದರೆ, "ಸುಮ್ನಿರವಾ, ಅನಮೋಡ ಕೊಳ್ಳಾಕತ್ತೇನಿ!" ಅನ್ನುತ್ತಿದ್ದರು. ಇಂಥವರಿಗೆ ಹಾಲಿನ ಚಿಂತೆ ಯಾಕೆ?

ಆಗ ನಮ್ಮ ಸಂಸಾರ ದಾಂಡೇಲಿಯ ಬಂಗೂರನಗರದಲ್ಲಿ, ಕಾಗದದ ಗಿರಣಿಯ ಕ್ವಾರ್ಟರ್ಸಿನಲ್ಲಿ. ನಮ್ಮವರಿಗೆ ಗಿರಣಿಯಲ್ಲಿ ನೌಕರಿ. ಅತ್ತೆಯವರು ಗಂಡ ತೀರಿಕೊಂಡ ಮೇಲೆ ಹಳಿಯಾಳದ ಕಡೆಯ ತಮ್ಮ ಹಳ್ಳಿ ಬಿಟ್ಟು ಮಗನ ಜೊತೆ ಬಂದಿದ್ದರು. ತವರಿನ ಹೊಲದಲ್ಲಿ ಅವರಿಗೆ ಬಂದ ಪಾಲು ಮಾರಿದ ದುಡ್ಡು ಪೋಸ್ಟ್ ಆಫೀಸಿನಲ್ಲಿತ್ತು. ಅದು ಒಂದು ಸೈಟಿಗೆ ಸಾಲುವಷ್ಟು. ಒಂದೇ ಒಂದು! ಎಡವಿದರೆ ಎದ್ದು ನಿಲ್ಲಲು ಇನ್ನೊಂದು ಪಾಲು ಇರಲಿಲ್ಲ. ಕ್ವಾರ್ಟರ್ಸು ಅಂದರೆ ನೌಕರಿ ಇರುವ ತನಕ ಮನೆ, ನೌಕರಿ ಮುಗಿದ ಮರುದಿನ ಬೀದಿ. ಇದನ್ನು ನಾವೆಲ್ಲ ಮರೆತಿದ್ದೆವು, ಅತ್ತೆ ಮರೆತಿರಲಿಲ್ಲ.

"ಅವ್ವಾ, ರೊಕ್ಕಾ ಬ್ಯಾಂಕಿನ್ಯಾಗ ಇಟ್ಟು ಬಡ್ಡಿ ತಗೋ" ಅಂತ ನಮ್ಮವರು ಹೇಳಿದರು.

"ಬ್ಯಾಂಕಿನ್ಯಾಗ ಕುಂತು ರೊಟ್ಟಿ ಬಡೀಲಿಕ್ಕೆ ಬರತೈತೇನೋ?" ಅಂದರು ಅತ್ತೆ. ಮಾತು ಅಲ್ಲಿಗೇ ಮುಗಿಯಿತು.

ಆದರೆ ಜಾಗ ಕೊಳ್ಳುವುದು ಅವರಿಗೆ ಗೊತ್ತಿತ್ತೇ? ಬದನೆಕಾಯಿ ಕೊಳ್ಳುವಾಗ ಸಂತೆಯನ್ನೇ ನಡುಗಿಸುವ ಅತ್ತೆಗೆ ಸೈಟಿನ ವಿಷಯದಲ್ಲಿ ಓನಾಮವೂ ತಿಳಿಯದು. ಅಷ್ಟರಲ್ಲಿ ಪಕ್ಕದ ಮನೆಗೆ ರಜೆಗೆ ಬಂದ ಮುಂಬೈಯ ನೆಂಟರು ಒಂದು ಆಟ ತಂದರು. ದಾಳ ಹಾಕಿ, ಬಿದ್ದ ಊರು ಕೊಂಡು, ಮನೆ ಕಟ್ಟಿ, ಅಲ್ಲಿಗೆ ಬಂದವರಿಂದ ಬಾಡಿಗೆ ಕೀಳುವ ಆಟ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು, ಆಮೇಲೆ ಒಳಗೆ ಹೋಗಿ ಕುಳಿತರು, ಆಮೇಲೆ ಏಳಲೇ ಇಲ್ಲ! ನೆಂಟರು ಊರಿಗೆ ಹೋದ ಮೇಲೆ ನನ್ನನ್ನು ಕೂರಿಸಿ ದಪ್ಪ ರಟ್ಟಿನ ಮೇಲೆ ಗೆರೆ ಹೊಡೆಸಿದರು.

"ಮುಂಬೈ ದಿಲ್ಲಿ ಬರೀಬ್ಯಾಡ. ಅವನ್ನ ನಾ ಯಾವತ್ತ ಕೊಳ್ಳಾಕಿ? ನಮ್ಮ ಊರ ಬರಿ."

ಹೀಗೆ ನಮ್ಮ ಸೀಮೆಯ ಆಟ ತಯಾರಾಯಿತು. ದಾಳದ ಬದಲು ಕವಡೆ, ನೋಟಿನ ಬದಲು ಹುಣಸೆಬೀಜ, ಮನೆಗಳ ಬದಲು ಖಾಲಿ ಕಡ್ಡಿಪೆಟ್ಟಿಗೆ. ಮುಂಬೈಯ ಆಟದಲ್ಲಿ ಜೈಲು ಇದ್ದ ಮೂಲೆಯಲ್ಲಿ ಅತ್ತೆ ಅರಣ್ಯ ಇಲಾಖೆಯ ಕಚೇರಿ ಇಟ್ಟರು. ಅಲ್ಲಿ ಬಿದ್ದವರು, ಸಾಹೇಬರು ಊಟಕ್ಕೆ ಹೋಗಿದ್ದಾರೆ ಅಂತ ಎರಡು ಸರದಿ ಸುಮ್ಮನೆ ಕೂರಬೇಕು! ಚೀಟಿಗಳನ್ನೂ ಅವರೇ ಹೇಳಿ ಬರೆಸಿದರು. "ಕಾಡುಹಂದಿ ಬಂದು ಬೇಲಿ ಮುರಿಯಿತು, ಹತ್ತು ಬೀಜ ಕೊಡು." "ಅಳಿಯ ಬಂದಾನ, ಮನೆ ದೊಡ್ಡದು ಮಾಡು." ಒಂದು ಚೀಟಿಗೆ ಮಾತ್ರ ಎಲ್ಲರೂ ಹೆದರುತ್ತಿದ್ದರು: "ಸೂಪಾ ಆಣೆಕಟ್ಟಿನ ನೀರು ಬಂತು." ಅದು ಬಂದರೆ ಕೈಯಲ್ಲಿದ್ದ ಜಾಗ ಸೀದಾ ನೀರಿಗೆ. ಸೂಪಾದಲ್ಲಿ ಆಣೆಕಟ್ಟು ಕಟ್ಟುತ್ತಿದ್ದ, ಮುಳುಗಲಿದ್ದ ಹಳ್ಳಿಗಳನ್ನು ಖಾಲಿ ಮಾಡಿಸುತ್ತಿದ್ದ ದಿನಗಳವು. ಆ ಚೀಟಿ ಓದಿ ಯಾರೂ ಜೋರಾಗಿ ನಗುತ್ತಿರಲಿಲ್ಲ.

ಆಟದಲ್ಲಿ ಅತ್ತೆಗೆ ಕರುಣೆ ಎಂಬುದು ಗೊತ್ತೇ ಇರಲಿಲ್ಲ. ನಾನು ಅವರ ಹಳಿಯಾಳಕ್ಕೆ ಬಂದು ಬಿದ್ದೆ ಅಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈ ಚಾಚುತ್ತಿದ್ದರು.

"ಅತ್ತೀ, ನಾ ಮನಿ ಸೊಸಿ ಅಲ್ಲೇನ್ರಿ? ಸ್ವಲ್ಪ ಬಿಡ್ರಿ!"

"ಸೊಸಿ ಅಡಿಗಿಮನ್ಯಾಗ. ಇಲ್ಲಿ ಬಾಡಿಗಿ ಇಡು ಮದಲ!"

ಒಂದು ತಿಂಗಳಲ್ಲಿ ಅತ್ತೆ ಓಣಿಗೆಲ್ಲ ಸಾಹುಕಾರರಾದರು. ಪಂಡಿತರೂ ಆದರು. "ಪ್ಯಾಟಿ ನಡುವ ಕೊಂಡರ ತುಟ್ಟಿ, ಕಾಡಿನ್ಯಾಗ ಕೊಂಡರ ಸುಮ್ನ ಬಿದ್ದಿರತೈತಿ, ರಸ್ತೆ ತಿರುವಿನ್ಯಾಗ ಕೊಂಡರ ಬೆಳೀತೈತಿ" ಅಂತ ಉಪದೇಶ ಮಾಡತೊಡಗಿದರು. ನಮ್ಮವರು ಊಟಕ್ಕೆ ಕೂತಾಗಲೂ ಇದೇ ಪಾಠ. ಪಾಪ, ಅವರು ಸಾರಿಗೆ ಉಪ್ಪು ಕಡಿಮೆ ಅಂತ ಹೇಳಲು ಜಾಗವೇ ಇರುತ್ತಿರಲಿಲ್ಲ.

ತೊಂದರೆ ಶುರುವಾದದ್ದು ಅತ್ತೆ ಆಟದ ರೀತಿಯನ್ನು ಊರಿಗೆ ಹಚ್ಚಿದಾಗ. ಆಟದಲ್ಲಿ ಏನು? ನೀವು ಹೋಗಿ ನಿಂತ ಜಾಗಕ್ಕೆ ಮಾಲಕರಿಲ್ಲದಿದ್ದರೆ ಅಲ್ಲೇ ಕೊಳ್ಳಬಹುದು. ಗೋವಾದ ಕಡೆ ಒಂದು ಮದುವೆಗೆ ಹೋಗುವಾಗ ಅನಮೋಡದ ತಪಾಸಣೆ ನಾಕೆಯಲ್ಲಿ ಬಸ್ಸು ನಿಂತಿತು. ನಾನು ಬ್ಯಾಗಿನಿಂದ ಚಕ್ಕುಲಿ ತೆಗೆಯುವಷ್ಟರಲ್ಲಿ ಅತ್ತೆ ಇಳಿದು ನಾಕೆಯ ಸಿಪಾಯಿಯ ಮುಂದೆ ನಿಂತಿದ್ದರು.

"ಈ ಜಾಗಾ ಕೊಡೂದೈತೇನ್ರಿ?"

"ಅವ್ವಾರ, ಇದು ಸರ್ಕಾರದ್ದು. ಆ ಕಡಿ ಗೋವಾ."

"ಹಂಗಾರ ಅಡಿಗಿಮನಿ ಈ ಕಡಿ, ಪಡಸಾಲಿ ಆ ಕಡಿ ಬರೂವಂಗ ಒಂದು ಸಣ್ಣ ಸೈಟ್ ನೋಡ್ರಿ!"

ಸಿಪಾಯಿ ಲಾರಿ ತಪಾಸಣೆ ಬಿಟ್ಟು ನಮ್ಮ ಅತ್ತೆಯನ್ನೇ ತಪಾಸಣೆ ಮಾಡುವಂತೆ ನೋಡಿದ. ಕಂಡಕ್ಟರು ಸೀಟಿ ಊದಿ ಊದಿ ಸುಸ್ತಾದ.

ಅಂತೂ ಚೈತ್ರದ ಬಿಸಿಲಲ್ಲಿ ಊರಂಚಿಗೆ ಒಂದು ಸೈಟು ಸಿಕ್ಕಿತು. ನುಣ್ಣಗೆ, ಸಪಾಟಾಗಿ, ಹೋಳಿಗೆ ಲಟ್ಟಿಸಿದ ಹಾಗಿತ್ತು! ದಲಾಲಿ ಮಾಡುವವನ ಮಾತಂತೂ ಹೂರಣಕ್ಕಿಂತ ಸಿಹಿ. ಅತ್ತೆಗೆ ಒಂದೇ ಪರೀಕ್ಷೆ ಬಾಕಿ. ಆಕಳು ಮಲಗಿ ಮೆಲುಕು ಹಾಕಿದ ಜಾಗ ಮನೆಗೆ ಶುಭ ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರಲ್ಲ? ಅದಕ್ಕಾಗಿ ಆಕಳು ಹುಡುಕಲು ಹೋದವರು, ನಮಗೆ ಹಾಲು ಹಾಕುವ ಗೌಳಿಗರಾಕೆಯನ್ನೂ ಆಕೆಯ ಒಂದು ಎಮ್ಮೆಯನ್ನೂ ಹೊರಡಿಸಿಕೊಂಡು ಬಂದರು.

"ಅತ್ತೀ, ಆಕಳಂತ ಹೇಳ್ಯಾರಲ್ರಿ ಹಿರಿಯಾರು?"

"ಸಿಗಲಿಲ್ಲವಾ. ಏನಾತು? ಎರಡರ ಹಾಲೂ ಬೆಳ್ಳಗ ಇರತೈತಿ!"

ಎಮ್ಮೆ ಸೈಟಿಗೆ ಕಾಲಿಟ್ಟಿತು. ಮೂಸಿತು. ನಡುಮಧ್ಯಕ್ಕೆ ಹೋಗಿ, ಮಹಾರಾಣಿಯ ಹಾಗೆ ಮಲಗಿ, ಕಣ್ಣು ಮುಚ್ಚಿ ಮೆಲುಕು ಹಾಕತೊಡಗಿತು. ಅತ್ತೆಯ ಸಂಭ್ರಮ ಏನು ಹೇಳಲಿ! ದಲಾಲನ ಕೈಗೆ ಬೆಲ್ಲ ಕೊಟ್ಟರು, ನನ್ನ ಬಾಯಿಗೆ ಬೆಲ್ಲ ಹಾಕಿದರು, ಎಮ್ಮೆಗೂ ಬೆಲ್ಲ ತಿನ್ನಿಸಿದರು. ಮರುದಿನ ಮುಂಜಾನೆ ದುಡ್ಡು ಕೊಡುವುದು ಅಂತ ಮಾತಾಯಿತು.

ಅವತ್ತು ಸಂಜೆ ಗುಡುಗಿ ಅಕಾಲದ ಒಂದು ದೊಡ್ಡ ಅಡ್ಡಮಳೆ ಬಂತು. ಮರುದಿನ ಪೋಸ್ಟ್ ಆಫೀಸಿನಿಂದ ತೆಗೆದ ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು ಹೋಗಿ ನೋಡುತ್ತೇವೆ, ಸೈಟೇ ಇಲ್ಲ! ಇದ್ದದ್ದು ಒಂದು ಕೆರೆ. ಅದರ ನಡುವೆ ಕುತ್ತಿಗೆ ಮಟ್ಟ ಮುಳುಗಿ, ಅದೇ ಎಮ್ಮೆ ನಮ್ಮನ್ನು ನೋಡುತ್ತ ಮೆಲುಕು ಹಾಕುತ್ತಿತ್ತು. ನೀರು ನಿಲ್ಲುವ ತಗ್ಗನ್ನು ಎಮ್ಮೆ ಮೆಚ್ಚದೆ ಇನ್ನೇನು ಮಾಡೀತು? ನಾನು ನಕ್ಕೆ. ಬಿದ್ದು ಬಿದ್ದು ನಕ್ಕೆ. ಅತ್ತೆ ನಗಲಿಲ್ಲ. ಸೆರಗಿನ ಗಂಟನ್ನು ಗಟ್ಟಿಯಾಗಿ ಹಿಡಿದು ನಿಂತರು. ಆಗ ನನ್ನ ನಗು ತಾನಾಗಿ ನಿಂತಿತು.

ನಾಲ್ಕು ದಿನ ಅವರು ಕವಡೆ ಮುಟ್ಟಲಿಲ್ಲ. ಐದನೆಯ ದಿನ ಎದ್ದವರೇ ಘೋಷಿಸಿದರು: "ಇನ್ನ ಮ್ಯಾಲೆ ಮಳ್ಯಾಗ ಜಾಗಾ ನೋಡೂದು! ಮಳ್ಯಾಗ ನೋಡಿದ ಜಾಗಾ, ಸಿಟ್ಟಿನ್ಯಾಗ ನೋಡಿದ ಮನಷ್ಯಾ, ಎರಡೂ ಸುಳ್ಳ ಹೇಳಂಗಿಲ್ಲ."

ಆ ವರ್ಷದ ಮಳೆಗಾಲ ನಾನು ಮರೆಯುವುದುಂಟೇ! ದಾಂಡೇಲಿಯ ಮಳೆ ಅಂದರೆ ಛತ್ರಿ ಹಿಡಿದವರನ್ನು ನೋಡಿ ನಗುವ ಮಳೆ. ಅದು ಜೋರಾದಷ್ಟೂ ಅತ್ತೆಗೆ ಹುರುಪು. "ಹೋಗೂಣು ಏಳವಾ, ಭಾಳ ಛಲೋ ಸುರಿಯಾಕತ್ತೈತಿ!" ಅಂತ ಎಬ್ಬಿಸುತ್ತಿದ್ದರು. ನಾವು ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೋಗುವುದನ್ನು ಕಂಡರೆ ದಲಾಲರು ಅಂಗಡಿಯ ಬಾಗಿಲು ಎಳೆದುಕೊಳ್ಳುತ್ತಿದ್ದರು. ಕೊನೆಗೆ ಹಳಿಯಾಳದ ರಸ್ತೆಗೆ ಒಂದು ತುಂಡು ಜಾಗ ಕಂಡಿತು. ಸುರಿದ ನೀರೆಲ್ಲ ಇಳಿದು ಚರಂಡಿ ಸೇರುತ್ತಿತ್ತು. ನಡುವೆ ನಿಂತರೆ ಕಾಲು ಹೂತುಹೋಗುತ್ತಿರಲಿಲ್ಲ.

"ಒಲಿ ಎಲ್ಲಿ ಇಡತಿ?" ಅಂತ ಅತ್ತೆ ಕೇಳಿದರು.

ನನಗೂ ಹುರುಪು ಬಂದಿತ್ತು. "ಇಲ್ಲಿ, ಮೂಡಣಕ್ಕ ಕಿಡಕಿ. ರೊಟ್ಟಿ ಬಡಕೋತ ರಸ್ತೆ ಕಾಣಬೇಕು" ಅಂದೆ. ಉಪ್ಪಿನ ಡಬ್ಬಿ ಇಡುವ ಜಾಗಕ್ಕೂ ನನ್ನೊಂದಿಗೆ ವಾದ ಮಾಡುವ ಅತ್ತೆ ಅವತ್ತು "ಆತು" ಅಂದುಬಿಟ್ಟರು. ನೆಗಡಿ ಆಗಿರಬೇಕು ಅಂದುಕೊಂಡೆ!

ಖರೀದಿ ಹಳಿಯಾಳದ ನೋಂದಣಿ ಕಚೇರಿಯಲ್ಲಿ. ಪತ್ರ ಬರೆಯುವವರು ಕನ್ನಡಕ ಏರಿಸಿ, "ಕೊಳ್ಳುವವರ ಹೆಸರು?" ಅಂದರು. ನಮ್ಮವರು ತಾಯಿಯ ಹೆಸರು ಹೇಳಲು ಬಾಯಿ ತೆರೆದರು. ಅತ್ತೆ ತಡೆದರು.

"ನನ್ನ ಸೊಸಿ ಹೆಸರ ಬರೀರಿ."

"ಮಗಾ ಇಲ್ಲೇ ನಿಂತಾರಲ್ರಿ ಅವ್ವಾರ?"

"ನಿಲ್ಲಲಿ ಬಿಡ್ರಿ. ಗಂಡಸರಿಗೆ ಮನಿ ಬಿಟ್ಟು ಹೋಗಂತ ಯಾರೂ ಹೇಳಂಗಿಲ್ಲ. ನನ್ನ ಯಜಮಾನ್ರು ತೀರಿಕೊಂಡ ವರ್ಷ ಮೈದುನಾರು ಹೇಳಿದ್ರು, 'ವೈನಿ, ಇನ್ನ ಮಗನ ಕಡೆ ಇರ್ರಿ' ಅಂತ. ಕೆಟ್ಟ ಮಾತ ಅಲ್ಲ. ರೊಟ್ಟಿ ಬುತ್ತಿ ಕಟ್ಟಿ, ಬಸ್ಸಿಗೆ ಕುಂಡ್ರಿಸಿ ಕಳಿಸಿದ್ರು. ಆದ್ರ ಇಷ್ಟ ವರ್ಷ ನಾ ಸಾರಿಸಿದ ಮನಿ ನಂದಲ್ಲ ಅಂತ ಆ ಬಸ್ಸಿನ್ಯಾಗ ತಿಳೀತು ನೋಡ್ರಿ. ಈಕಿಗೆ ಅದು ತಿಳಿಯೂದ ಬ್ಯಾಡ."

ಪತ್ರ ನನ್ನ ಹೆಸರಿಗೇ ಆಯಿತು. ಎರಡು ವರ್ಷದ ಮೇಲೆ ಅಲ್ಲಿ ಎರಡು ಖೋಲಿಯ ಮನೆ ಎದ್ದಿತು. ಪೂಜೆಯ ದಿನ ನನ್ನನ್ನು ಮೊದಲು ಒಳಗೆ ಕಳಿಸಿದರು. ತಿರುಗಿ ನೋಡಿದರೆ ಅತ್ತೆ ಹೊಸ್ತಿಲ ಆಚೆಯೇ ನಿಂತಿದ್ದರು. ತಲೆಯ ಮೇಲೆ ಸೆರಗು, ಕೈಯಲ್ಲಿ ಆರತಿ ತಟ್ಟೆ, ಮುಖದ ತುಂಬ ತುಂಟ ನಗು.

"ಒಳಗ ಬರ್ಲೇನ್ರಿ, ಮಾಲಕರ?"

ನಗಬೇಕೆಂದು ಬಾಯಿ ತೆರೆದೆ, ಅಳು ಬಂತು. ತಟ್ಟೆ ಇಸಿದುಕೊಂಡು ಪಕ್ಕಕ್ಕಿಟ್ಟು, ಅವರ ಎರಡೂ ಕೈ ಹಿಡಿದು ಒಳಗೆ ಕರೆದುಕೊಂಡೆ.