ಮಾವನವರ ಜೀಪೂ ಹಲ್ಲಿನ ಟಾಯರೂ

ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲೂಕಿನೊಳಗ ನನ್ನಷ್ಟು ಎದೆಗಾರಿಕೆಯಿಂದ ಜೀಪು ಹೊಡೆಯುವ ಇನ್ನೊಬ್ಬ ಗಂಡಸಿಲ್ಲ. ಸುಳ್ಳರಿ. ಚಾ ಕುಡೀರಿ, ಹೇಳತೇನಿ. ಸ್ಟೇರಿಂಗ್ ಹಿಡಿದರೆ ನನ್ನ ಕೈ ಬೆವರುತ್ತವೆ, ಹಂಪ್ ಕಂಡರೆ ಕಣ್ಣು ಮುಚ್ಚುತ್ತೇನೆ. ಆದರೂ ಇಂಥ ಪ್ರಸಂಗಗಳು ಊರೆಲ್ಲ ಬಿಟ್ಟು ನನ್ನ ಮನೆಯ ಬಾಗಿಲನ್ನೇ ಬಡಿಯುತ್ತವೆ.

ಹೋದ ಮಳೆಗಾಲದಲ್ಲಿ ಹುಕ್ಕೇರಿಯ ನಮ್ಮ ಮಾವನವರು, ಅಂದರೆ ಹೆಂಡತಿಯ ತಂದೆ, ನನ್ನನ್ನು ಕರೆಸಿದರು. ಅವರದೊಂದು ಹಳೆಯ ಫೋರ್‌ವ್ಹೀಲ್ ಜೀಪು. ಮಗಳಿಗಿಂತ ಅದರ ಮೇಲೇ ಪ್ರೀತಿ ಜಾಸ್ತಿ.

"ಅಳಿಯಾರ, ನನಗಿನ್ನ ಹೊಡಿಯಾಕ ಆಗೂದಿಲ್ಲ. ಇಬ್ಬರು ಅಳಿಯಂದಿರೊಳಗ ಒಬ್ಬರಿಗಿ ಗಾಡಿ ಕೊಡಾಂವ. ಕೆಸರಿನ ಹೊಸಾ ಟಾಯರ್ ಹಾಕಿಸಿ ನಾಕ್ ಕಡೆ ಹೊಡದು ನೋಡ್ರಿ. ಒಂದ್ ಗೆರಿ ಬಿತ್ತಂದ್ರ ಗಾಡಿ ಸಣ್ಣ ಅಳಿಯಾಗ."

ಸಣ್ಣ ಅಳಿಯನಿಗೆ ಸೈಕಲ್ ಕೂಡ ಬರುವುದಿಲ್ಲ. ನನಗೋ ಆ ಜೀಪಿನ ಮೇಲೆ ಮದುವೆಯಾದ ದಿನದಿಂದ ಕಣ್ಣು. ಹೂಂ ಅಂದೆ.

೧. ಬೆನ್ನು ಹತ್ತಿದ ಜೇನು

ಸಂಕೇಶ್ವರದ ಅಂಗಡಿಯಲ್ಲಿ ಟಾಯರ್ ಕೂಡಿಸುತ್ತಿದ್ದ ಮುದುಕ ಮೇಸ್ತ್ರಿಯನ್ನು ಕೇಳಿದೆ: "ಕಾಕಾ, ಇಷ್ಟ ದಪ್ಪ ಹಲ್ಲ ಅದಾವಲ್ರಿ, ಎಲ್ಲಿ ಬೇಕಾದಲ್ಲಿ ಹೋಗತಾವೇನು?"

"ಟಾಯರ್ ಹೋಗತಾವ್ರಿ. ನಿಮ್ಮ ಮಾರಿ ನೋಡಿದ್ರ ನೀವ್ ಹೋಗೂದ ಡೌಟ ಐತಿ."

ಹೈವೇ ಹತ್ತಿದೆ. ನಾಲ್ಕನೇ ಗೇರಿಗೆ ಬಂದೊಡನೆ ಹಿಂದಿನಿಂದ 'ಗುಂಯ್' ಅಂತ ಸಪ್ಪಳ. ಜೋರು ಓಡಿಸಿದೆ, ಅದೂ ಜೋರಾಯಿತು. ಜೇನು! ತಲೆಗೆ ಟವೆಲ್ ಸುತ್ತಿಕೊಂಡು ಒಂದು ಬಸ್‌ಸ್ಟಾಪಿಗೆ ತಂದು ನಿಲ್ಲಿಸಿ ಕೂಗಿದೆ: "ಜೇನು ಬಂತು! ಮಲಗ್ರಿ, ಮಲಗ್ರಿ!"

ನಿಂತಿದ್ದ ಏಳೆಂಟು ಮಂದಿ ದಬದಬ ನೆಲಕ್ಕೆ ಬಿದ್ದರು. ಒಬ್ಬಾತ ಧೋತರ ಬಿಚ್ಚಿ ತಲೆಗೆ ಹೊದ್ದ. ಸಪ್ಪಳವೇ ಇಲ್ಲ. ಜೀಪು ತುಸು ಓಡಿಸಿದೆ, ಗುಂಯ್. ನಿಲ್ಲಿಸಿದೆ, ಗಪ್ಪು. ಒಬ್ಬ ಮುದುಕಿ ಸೀರೆಯ ಧೂಳು ಜಾಡಿಸುತ್ತ ಎದ್ದಳು.

"ತಮ್ಮಾ, ನಿನ್ನ ಜೇನು ಗಾಲ್ಯಾಗ, ಆ ಟಾಯರಿನ ಹಲ್ಲಿನಾಗ ಐತಿ. ಬಿಡಸಾಕ ಟಾಯರ್ ಅಂಗಡಿಗೇ ಹೋಗು."

೨. ಕುಂಕುಮದ ಗಾಲಿ

ಮನೆಯಲ್ಲಿ ಅತ್ತೆಯವರು ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, ಗಾಲಿಯ ನಟ್ಟನಡುವೆ ಕುಂಕುಮ ಹಚ್ಚಿದರು. "ನಾಳಿ ಸಂಜೀತನಕ ಇದನ್ನ ಮುಟ್ಟಬ್ಯಾಡ್ರಿ ಅಳಿಯಾರ. ಮುಟ್ಟಿದ್ರ ಜೀವಕ್ಕ ಚಲೋ ಅಲ್ಲ."

ಮರುದಿನ ತುಕ್ಕಾನಟ್ಟಿಯಲ್ಲಿ ಮಾವನವರ ಹೊಲ. ಮಳೆ ಕುಡಿದ ಎರಿ ಮಣ್ಣು. ಆ ಹಳೆಯ ಜೀಪಿನಲ್ಲಿ, ಇಳಿದು ಮುಂದಿನ ಒಂದೊಂದು ಗಾಲಿಯ ನಟ್ಟನಡುವೆ ಇರುವ ಲಾಕು ಕೈಯಿಂದ ತಿರುವಿದರಷ್ಟೇ ನಾಲ್ಕೂ ಗಾಲಿ ಎಳೆಯುತ್ತವೆ. ಕುಂಕುಮ ಇದ್ದದ್ದು ಆ ಲಾಕಿನ ಮೇಲೆಯೇ! ನಾನು ಮುಟ್ಟಲಿಲ್ಲ. ಹಿಂದಿನ ಗಾಲಿಗಳು ಕೆಸರು ಹಾರಿಸಿದವು, ಜೀಪು ಹೊಟ್ಟೆಯ ಮಟ ಹೂತುಹೋಯಿತು.

ಬಾಜೂ ಹೊಲದವ ಬಂದ. "ಸಾಹೇಬ್ರ, ಲಾಕ್ ತಿರುವ್ರಿ."

"ಮುಟ್ಟಿದ್ರ ಸಾಯತೇನಿ ಅಂತ ನಮ್ಮತ್ತಿ ಹೇಳ್ಯಾರ್ರಿ."

"ಹೇಳಿದ್ದು ನಿಮಗ. ನನಗ ಹೇಳಿಲ್ಲಲಾ?" ಎಂದು ತಾನೇ ಎರಡೂ ತಿರುವಿದ.

ಎಕ್ಸಲೇಟರ್ ಒತ್ತಿದೆ. ಜೀಪು ಹೋರಿಯಂತೆ ನೆಗೆದು ಸೀದಾ ಕಬ್ಬಿನೊಳಗೆ ನುಗ್ಗಿತು. ನಾನು ಕಣ್ಣು ಮುಚ್ಚಿ, ಸ್ಟೇರಿಂಗ್ ತಬ್ಬಿಕೊಂಡು, ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಬದುವಿಗೆ ಬಂದು ನಿಂತಾಗ ದೂರದಿಂದ ಅವನು ಧೈರ್ಯ ಹೇಳಿದ: "ಅಂಜಬ್ಯಾಡ್ರಿ ಸಾಹೇಬ್ರ, ಕಬ್ಬು ನಿಮ್ಮ ಮಾವಂದ ಐತಿ!"

ಖರೆ ಅಂಜಿಕೆ ಶುರುವಾದದ್ದೇ ಆಗ.

೩. ಇಳಿಜಾರಿನ ಮಾತು

ಕಾಲುವೆಯಲ್ಲಿ ಜೀಪು ತೊಳೆದು ತಂದೆ. ಕಬ್ಬಿನ ವಿಷಯ ನಾನೂ ಹೇಳಲಿಲ್ಲ, ಜೀಪೂ ಹೇಳಲಿಲ್ಲ. ಮಾವನವರು ಸುತ್ತಲೂ ಅಂಗೈ ಆಡಿಸಿ ನೋಡಿದರು. "ಗೆರಿ ಇಲ್ಲ. ಗೋಕಾಕದ ಗುಡ್ಡ ಒಂದು ಹತ್ತಿಸಿ ಇಳಿಸಿಬಿಡ್ರಿ. ನಾನೂ ಕುಂಡ್ರತೇನಿ."

ಹತ್ತುವಾಗ ಕಲ್ಲು ಉರುಳಿದಾಗಲೆಲ್ಲ ಮತ್ತೆ ದೇವರನ್ನು ಕರೆದೆ. ಟಾಯರ್ ಮಾತ್ರ ಜಾರಲಿಲ್ಲ. ಇಳಿಯುವಾಗ ಒಂದು ಬಾಜೂ ಆಳವಾದ ಕೊಳ್ಳ. ಆದರೆ ಮೊದಲ ಗೇರಿನಲ್ಲಿ ಜೀಪು ಚಕ್ಕಡಿಯಂತೆ ಮೆಲ್ಲಗೆ ಇಳಿಯಿತು. ಹೆದರಿಕೆ ಹೋಯಿತು, ಹೋದೊಡನೆ ಚೇಷ್ಟೆ ಮಾಡುವ ನನ್ನ ಕೆಟ್ಟ ಚಟ ಬಂತು.

"ಮಾವಾರ, ಬ್ರೇಕ್ ಹತ್ತವಲ್ದು."

ಅವರು ಚೀರಲಿಲ್ಲ. ಎರಡೂ ಕೈಯಿಂದ ಮುಂದಿನ ಸರಳು ಹಿಡಿದು, "ಖರೆ?" ಅಂದರು.

"ಖರೆ."

ಮಾವನವರು ಕಣ್ಣು ಮುಚ್ಚಿದರು. "ಹಂಗಾರ ಸಾಯೂಮುಂದ ಹೇಳಿಬಿಡತೇನಿ. ಗಾಡಿ ನಿಮಗ. ಕಾಗದ ಇಲ್ಲೇ ಕಿಸೇದಾಗ ಐತಿ. ಕೆಳಗ ಮುಟ್ಟಿದ ಕೂಡ್ಲೆ ಸಹಿ ಮಾಡಾಂವಿದ್ದೆ."

ಸಂತೋಷ ತಡೆಯಲಾಗಲಿಲ್ಲ. ಬ್ರೇಕ್ ಒತ್ತಿದೆ. ಜೀಪು ಗೂಟ ಹೊಡೆದಂತೆ ನಿಂತಿತು. "ಚ್ಯಾಷ್ಟಿ ಮಾಡಿದೆ ಮಾವಾರ! ಬ್ರೇಕ್ ಒಂದ್ ನಂಬರ್ ಐತಿ!"

ಅವರು ಒಂದೊಂದೇ ಕಣ್ಣು ತೆರೆದರು.

"ಇಳೀರಿ."

ಇಳಿದೆ. 'ನನಗಿನ್ನ ಹೊಡಿಯಾಕ ಆಗೂದಿಲ್ಲ' ಎಂದಿದ್ದ ಮನುಷ್ಯ ಸ್ಟೇರಿಂಗಿನ ಕಡೆ ಸರಿದು, ಗೇರು ಹಾಕಿ, ಆ ಗುಡ್ಡ ಇಳಿದ ರಭಸಕ್ಕೆ ಅಲ್ಲೇ ನಿಂತ ನಾನೇ ಕಣ್ಣು ಮುಚ್ಚಿಕೊಂಡೆ.

ಈಗ ಜೀಪು ಸಣ್ಣ ಅಳಿಯನ ಅಂಗಳದಲ್ಲಿದೆ. ಬಾನೆಟ್ಟಿನ ಮೇಲೆ ಶಾವಿಗೆ ಒಣಹಾಕುತ್ತಾರಂತೆ. ಆ ದಿನ ಇಳಿಯುವಾಗ ಬಿಟ್ಟ ನನ್ನ ರೊಕ್ಕದ ಪಾಕೀಟು ಅದರ ಸೀಟಿನ ಕೆಳಗೇ ಉಳಿದಿದೆ, ಕೇಳಾಕ ಧೈರ್ಯ ಇಲ್ಲ. ಅದಕ್ಕ, ಈ ಚಾದ ರೊಕ್ಕ ಅಷ್ಟು ನೀವ ಕೊಟ್ಟಬಿಡ್ರಿ.