ಹೊಸ ಬ್ಯಾಟರಿ ಮತ್ತು ಹತ್ತನೇ ನಂಬರ್ ಸ್ಪ್ಯಾನರ್

ಟಾರ್ಚಿಗೆ ಸೆಲ್ ಹಾಕಲು ಬರುವವನಿಗೆ ಕಾರಿಗೆ ಬ್ಯಾಟರಿ ಹಾಕಲು ಬರುವುದಿಲ್ಲವೇ? ಎರಡಕ್ಕೂ ಇರುವುದು ಒಂದು ಪ್ಲಸ್ಸು, ಒಂದು ಮೈನಸ್ಸು. ಈ ಅಚಲ ನಂಬಿಕೆಯೊಂದಿಗೆ ನಾನು ಆ ಎರಡನೇ ಶನಿವಾರ ಕಾರಿನ ಬಾನೆಟ್ ಎತ್ತಿದೆ.

ಆಗಿನ್ನೂ ಎಸ್‌ಟಿಡಿ ಬೂತುಗಳ ಕಾಲ. ನನ್ನ ಹೆಂಡತಿ ಸುಮಿತ್ರೆಗೆ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿ ರಾಯಚೂರಿಗೆ ವರ್ಗವಾಗಿತ್ತು. ಜೀವನ್ ಬಿಮಾ ನಗರದ ಬಾಡಿಗೆ ಮನೆಯಲ್ಲಿ ಉಳಿದದ್ದು ನಾನು, ಪ್ರೆಷರ್ ಕುಕ್ಕರು ಮತ್ತು ಹಳೆಯ ಕಾರು. ಮೂವರಲ್ಲಿ ಬಾಯಿ ಬಿಡುತ್ತಿದ್ದುದು ಕುಕ್ಕರ್ ಒಂದೇ! ಕಾರು ಕೀಲಿ ತಿರುಗಿಸಿದರೆ ‘ಕಟಕ್’ ಎಂದು ಸುಮ್ಮನಾಗುತ್ತಿತ್ತು. ನನಗೆ ‘ಕಟಕ್’ ಎನ್ನಲೂ ಎದುರಿಗೆ ಯಾರೂ ಇರಲಿಲ್ಲ.

ಹೀಗಾಗಿ ದಿನಾ ಬೆಳಿಗ್ಗೆ ಎಂಟೂವರೆಗೆ ಕಾರು ನೂಕುವ ಕಾರ್ಯಕ್ರಮ. ಮಹಡಿಯಲ್ಲಿದ್ದ ಮನೆ ಮಾಲೀಕರು ಮುನಿಯಪ್ಪನವರು ಲುಂಗಿ ಎತ್ತಿ ಕಟ್ಟಿಕೊಂಡು ಇಳಿದು ಬರುತ್ತಿದ್ದರು. ಈ ಬಡಾವಣೆ ಹೊಲವಾಗಿದ್ದಾಗ ಇಲ್ಲೇ ರಾಗಿ ಬೆಳೆದವರು ಅವರು. ಹಿತ್ತಿಲಿನ ಕೋಣೆಯಲ್ಲಿ ಬಾಡಿಗೆಗಿದ್ದ ರಾಯಚೂರು ಕಡೆಯ ಗಾರೆ ಕೆಲಸದ ಶರಣಪ್ಪ ಇನ್ನೊಂದು ಹೆಗಲು ಕೊಡುತ್ತಿದ್ದ. ಗಾಡಿ ಸ್ಟಾರ್ಟ್ ಆದ ಮೇಲೆ ಬ್ಯಾಟರಿ ಚಾರ್ಜ್ ಆಗಲೆಂದು ಹತ್ತು ನಿಮಿಷ ಎಂಜಿನ್ ಆರಿಸದೆ ನಿಲ್ಲಬೇಕಿತ್ತು. ಆ ಹತ್ತು ನಿಮಿಷ ನಾವು ಮೂವರೂ ಕಾರಿಗೆ ಒರಗಿಕೊಂಡು ರಾಗಿ, ಸಿಮೆಂಟು, ಬಾರದ ನೀರಿನ ಟ್ಯಾಂಕರು ಅಂತ ಹರಟುತ್ತಿದ್ದೆವು. ನಿಜ ಹೇಳಬೇಕೆಂದರೆ ನನ್ನ ಇಡೀ ದಿನದಲ್ಲಿ ಮಾತು ಅಂತ ಇದ್ದದ್ದು ಅಷ್ಟೇ.

ಇದನ್ನು ಕೇಳಿ ಸುಮಿತ್ರೆ ಫೋನಿನಲ್ಲೇ ಸಿಡಿದಳು.

“ಪಾಪ, ಆ ವಯಸ್ಸಾದವರ ಕೈಲಿ ಎಷ್ಟು ದಿನ ತಳ್ಳಿಸ್ತೀರಿ? ನಾಚಿಕೆ ಆಗಲ್ವಾ? ಹೊಸ ಬ್ಯಾಟರಿ ಹಾಕಿಸ್ರೀ.”

“ಹಾಕಿಸೋದೇನು, ನಾನೇ ಹಾಕ್ತೀನಿ!”

“ಬೇಡ!” ಎಂದಳು. ಆ ಒಂದು ‘ಬೇಡ’ದಲ್ಲಿ ಹದಿನೆಂಟು ವರ್ಷಗಳ ಸಂಸಾರದ ಅನುಭವವಿತ್ತು.

ಶಿವಾಜಿನಗರದ ಬ್ಯಾಟರಿ ಅಂಗಡಿಗೆ ಹೋದೆ. ಅಂಗಡಿಯ ಭಾಯ್ ಕಾರು ಯಾವುದೆಂದು ಕೇಳಿಕೊಂಡು, “ಹಳೇದು ತಂದಿಲ್ವಾ ಸಾಬ್? ಹಂಗಾದ್ರೆ ಪ್ಲಸ್ ಯಾವ ಕಡೆ ಹೇಳಿ. ಲೆಫ್ಟಾ, ರೈಟಾ?” ಎಂದರು.

ನಾನು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಡ್ರೈವರ್ ಸೀಟಿನಲ್ಲಿ ಕುಳಿತು, “ಲೆಫ್ಟ್!” ಎಂದೆ. ಬ್ಯಾಟರಿಯವರು ಎಡಬಲ ನೋಡುವುದು ಬಾನೆಟ್ ಮುಂದೆ ನಿಂತು ಎಂಬುದು ನನಗೆ ಹೊಳೆಯಲೇ ಇಲ್ಲ.

ಮನೆಗೆ ತಂದು ಕೂರಿಸಿದರೆ ಕೆಂಪು ವೈರು ಪ್ಲಸ್ಸಿಗೆ ಎಟುಕುತ್ತಿಲ್ಲ. ಎಳೆದೆ. ಬೈದೆ. ಕೊನೆಗೆ ಯಾವ ವೈರು ಯಾವುದಕ್ಕೆ ಎಟುಕುತ್ತದೋ ಅದಕ್ಕೇ ಸಿಕ್ಕಿಸತಕ್ಕದ್ದು ಎಂಬ ಐತಿಹಾಸಿಕ ನಿರ್ಣಯ ಕೈಗೊಂಡೆ.

ಚಟ್! ಕಿಡಿ ಹಾರಿತು. ಫ್ಯೂಸು ಸುಟ್ಟಿತು. ಶರಣಪ್ಪ ಓಡಿಬಂದ.

“ಯಪ್ಪಾ! ಕೆಂಪು ವೈರು ಮೈನಸ್ಸಿಗಿ ಹಚ್ಚೀರಲ್ರೀ ಸರ!”

“ಪರೀಕ್ಷೆ ಮಾಡ್ತಿದ್ದೆ ಶರಣಪ್ಪ,” ಎಂದೆ ಗಂಭೀರವಾಗಿ.

ಎರಡನೇ ಸಲ ಶಿವಾಜಿನಗರಕ್ಕೆ ಹೋಗುವಾಗ ಬುದ್ಧಿ ಬಂದಿತ್ತು. ಹೊಸದನ್ನು ಆಟೋದಲ್ಲಿ ಕಾಲ ಬಳಿ ಇಟ್ಟು, ಹಳೆಯ ಬ್ಯಾಟರಿಯನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡೆ. ಹಲಸೂರಿನ ಗುಂಡಿಗಳಲ್ಲಿ ಅದು ಮಗುವಿನಂತೆಯೇ ತೊಡೆ ಒದ್ದೆ ಮಾಡಿತು. ಬ್ಯಾಟರಿಯ ಆಸಿಡ್ ಕುಡಿದ ಪ್ಯಾಂಟನ್ನು ಮಾರನೆಯ ದಿನ ಒಗೆದು ಹಿಂಡಿದರೆ ಕೈಗೆ ಬಂದದ್ದು ಜರಡಿ!

ಅಂತೂ ಬ್ಯಾಟರಿ ಬದಲಾಯಿತು, ಸುಟ್ಟ ಫ್ಯೂಸೂ ಬದಲಾಯಿತು. ಶರಣಪ್ಪ ತನ್ನ ಗೆಳೆಯನಿಂದ ತಂದುಕೊಟ್ಟ ಹತ್ತನೇ ನಂಬರ್ ಸ್ಪ್ಯಾನರಿನಿಂದ ನಾನೇ ಬಿಗಿದೆ.

ಸೋಮವಾರ ಎಂಟೂವರೆಗೆ ಮುನಿಯಪ್ಪನವರು ಲುಂಗಿ ಕಟ್ಟಿ ಸಿದ್ಧರಾಗಿದ್ದರು. ಕೀಲಿ ತಿರುಗಿಸಿದೆ. ಭರ್ರ್! ಒಂದೇ ಸಲಕ್ಕೆ ಸ್ಟಾರ್ಟ್!

“ಭೇಷ್ ಸ್ವಾಮಿ! ಇನ್ನು ನಮ್ಮ ಕೆಲ್ಸ ಇಲ್ಲ ಬಿಡಿ,” ಎಂದು ಅವರು ಎತ್ತಿ ಕಟ್ಟಿದ ಲುಂಗಿ ಇಳಿಬಿಟ್ಟು ಮೆಟ್ಟಿಲು ಹತ್ತಿದರು. ಶರಣಪ್ಪ ಬುತ್ತಿ ಹಿಡಿದು ಬಸ್ ಸ್ಟಾಪಿಗೆ ನಡೆದ. ಗೆದ್ದವನು ನಾನು, ಆದರೆ ಬೀದಿಯಲ್ಲಿ ಒಬ್ಬನೇ ಉಳಿದವನೂ ನಾನೇ.

ಮಂಗಳವಾರ ಸ್ಟಾರ್ಟ್. ಬುಧವಾರ ಸ್ಟಾರ್ಟ್. ಎಂಥ ದರಿದ್ರ ಒಳ್ಳೆಯ ಬ್ಯಾಟರಿ! ಶುಕ್ರವಾರ ಆಫೀಸಿನಲ್ಲಿ ಯಾರೋ ಟೈಮೆಷ್ಟು ಎಂದು ಕೇಳಿದಾಗ ನನ್ನ ಗಂಟಲು ಕಟ್ಟಿಕೊಂಡಿತ್ತು. ಬೆಳಿಗ್ಗೆಯಿಂದ ಅದನ್ನು ಬಳಸಿಯೇ ಇರಲಿಲ್ಲ. ಆವತ್ತು ನನಗೆ ತುಂಬ ಬೇಸರವಾಯಿತು.

ಮುಂದಿನ ಸೋಮವಾರ ಬೆಳಿಗ್ಗೆ ಬೀದಿಯಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು ಬಾನೆಟ್ ಎತ್ತಿದೆ. ಕಪ್ಪು ವೈರು ಬಿಚ್ಚಿದೆ. ಮುಚ್ಚಿದೆ. ಎಂಟೂವರೆಗೆ ಕೀಲಿ ತಿರುಗಿಸಿ, ಆದಷ್ಟು ದುಃಖದಿಂದ, “ಮುನಿಯಪ್ಪನವರೇ, ಮತ್ತೆ ಕೈಕೊಡ್ತು!” ಎಂದು ಕೂಗಿದೆ.

ಬಂದರು! ಇಬ್ಬರೂ ಬಂದರು! ಈ ತುದಿಯಿಂದ ಆ ತುದಿಯವರೆಗೆ ನೂಕಿದರು. ಸ್ಟಾರ್ಟ್ ಆಗಲಿಲ್ಲ. ವೈರನ್ನೇ ಬಿಚ್ಚಿದರೆ ನೂಕಿದರೂ ಸ್ಟಾರ್ಟ್ ಆಗುವುದಿಲ್ಲ ಎಂಬ ಜ್ಞಾನ ನನಗಿರಲಿಲ್ಲ. ಮುನಿಯಪ್ಪನವರು ಏದುಸಿರು ಬಿಡುತ್ತಾ ಸೊಂಟ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತರು. ನಾನು ಬೇಡವೆನ್ನುವಷ್ಟರಲ್ಲಿ ಶರಣಪ್ಪ ಬಾನೆಟ್ ಎತ್ತಿದ್ದ.

ಕಪ್ಪು ವೈರು ಪಕ್ಕಕ್ಕೆ ಮಡಚಿಕೊಂಡಿತ್ತು. ಬ್ಯಾಟರಿಯ ಪಕ್ಕದಲ್ಲೇ ಹತ್ತನೇ ನಂಬರ್ ಸ್ಪ್ಯಾನರ್!

ಮುನಿಯಪ್ಪನವರು ಎದ್ದು ಬಂದು ನೋಡಿದರು. “ಏನ್ ಸ್ವಾಮಿ, ವೈರು ತಾನೇ ಸ್ಪ್ಯಾನರ್ ತಗೊಂಡು ಬಿಚ್ಕೊಂಡ್ಬಿಡ್ತಾ?”

ಸುಳ್ಳು ಹುಡುಕಿದೆ. ಸಿಗಲಿಲ್ಲ. “ಇದು ಸರಿಹೋದ್ಮೇಲೆ ನೀವ್ಯಾರೂ ಕೆಳಗೆ ಬರೋದೇ ಇಲ್ಲ. ಮಾತಾಡೋಕೆ ಯಾರೂ ಇಲ್ದಂಗಾಯ್ತು,” ಎಂದೆ.

ಶರಣಪ್ಪ ಮೆಲ್ಲಗೆ ಬಾನೆಟ್ ಮುಚ್ಚಿದ. ಮುನಿಯಪ್ಪನವರು ಸೊಂಟ ನೀವಿಕೊಂಡರು.

“ಅದಕ್ಕೆ ನನ್ ಸೊಂಟ ಯಾಕ್ರೀ ಮುರೀತೀರಾ? ನಾಳೆಯಿಂದ ಎಂಟು ಗಂಟೆಗೆ ಮೇಲೆ ಬನ್ನಿ, ಕಾಫಿ ಕುಡೀರಿ. ಶರಣಪ್ಪ, ನೀನೂ ಬಾ.”

ಅಂದಿನಿಂದ ದಿನಾ ಹೋಗತೊಡಗಿದೆ. ಹತ್ತು ನಿಮಿಷ ಅರ್ಧ ಗಂಟೆಯಾಯಿತು. ಕಾಫಿ ಚೆನ್ನಾಗಿರುತ್ತಿತ್ತು, ಮಾತೂ ಚೆನ್ನಾಗಿರುತ್ತಿತ್ತು, ನನ್ನನ್ನು ಮುನಿಯಪ್ಪನವರು ಪೂರ್ತಿ ಕ್ಷಮಿಸಿದ್ದರು. ಸ್ಪ್ಯಾನರನ್ನು ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು!